ಗಿಣ್ಣಿನ ಎಲುಬು ತೋರಿಸಿದ ಸರ್

ಸತ್ತ ಪ್ರಾಣಿಗಳನ್ನು ಕೆಡದಂತಿಡುವ ಫಾರ್ಮಾಲಿನ್‌ಗೆ ಹಳದಿಗಟ್ಟಿದ ಉಗುರುಗಳು ಸರ್ ಅವರವು. ಮಧ್ಯಾಹ್ನ ಅದೇ ಬೆರಳುಗಳಿಂದ ಜೋಳದ ರೊಟ್ಟಿ ಮುರಿದು ಬಾಯಿಗಿಡುವಾಗ ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಸಂಭಾಜಿನಗರದ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸರ್ ಬೀದರ್ ಕಡೆಯವರು. ನಾನು ಊರ ಹೊರಗಿನ ಶೇಂದ್ರಾದಲ್ಲಿ ಗಾರೆ ಕೆಲಸ ಮಾಡುವ ಕಲಬುರಗಿಯವರ ಮಗಳೆಂದು ತಿಳಿದ ದಿನದಿಂದ ನನ್ನೊಡನೆ ಕನ್ನಡದಲ್ಲೇ ಮಾತು.

ಚಿಲಿ ದೇಶದ ಕಾಡಿನಲ್ಲಿರುವ, ಇಲಿಯಷ್ಟೇ ದೊಡ್ಡ, ಹೊಟ್ಟೆಚೀಲದ ಪ್ರಾಣಿಯೊಂದರ ಮೇಲೆ ಅವರಿಗೆ ಎಲ್ಲಿಲ್ಲದ ಅಕ್ಕರೆ. ಮೊನಿಟೊ ಅದರ ಹೆಸರು. ಅದರ ಗಣದಲ್ಲಿ ಉಳಿದವೆಲ್ಲ ಅಳಿದು ಆ ಒಂದು ಕುಲ ಮಾತ್ರ ಬದುಕಿದೆ. ಮೊದಲು ಅದನ್ನು ಅಮೆರಿಕದ ಹೊಟ್ಟೆಚೀಲದ ಪ್ರಾಣಿಗಳಾದ ಅಪೊಸಮ್‌ಗಳ ಜೊತೆ ಸೇರಿಸಿದ್ದರು. ಕಾಲಿನ ಗಿಣ್ಣಿನ ಎಲುಬು ಪರೀಕ್ಷಿಸಿದ ಮೇಲೆ ಅದರ ನಂಟು ಆಸ್ಟ್ರೇಲಿಯಾದ ಕಾಂಗರೂಗಳ ಕಡೆಗೆಂದು ಗೊತ್ತಾಯಿತು.

"ಎಲ್ಲಿ ಇರ್ತದ ಅಂತ ನೋಡಿ ಬಳಗ ಹೇಳಬ್ಯಾಡವ್ವ. ಎಲುಬು ನೋಡಿ ಹೇಳು," ಎನ್ನುತ್ತಿದ್ದರು.

ನಮ್ಮ ಗೈಡಿನಲ್ಲಿ ಮಾತ್ರ ಅದಿನ್ನೂ ಅಪೊಸಮ್ಮೇ. ಪರೀಕ್ಷೆಯಲ್ಲಿ ಗೈಡು ಉರುಹೊಡೆದು ಬರೆದವರಿಗೆಲ್ಲ ಸರ್ ಸೊನ್ನೆ ಹಾಕಿದರು. ಇಡೀ ತರಗತಿ ವಿಭಾಗ ಮುಖ್ಯಸ್ಥರ ಬಳಿ ಓಡಿತು. ಸರ್ ಹೇಳಿದಂತೆ ಬರೆದು ಪೂರ್ತಿ ಅಂಕ ಪಡೆದವಳು ನಾನೊಬ್ಬಳೇ. ಹಾಗಾಗಿ ನನ್ನನ್ನೇ ಕರೆಸಿದರು. ಬಾಯಿತುಂಬ ಗುಟ್ಕಾ ಇಟ್ಟುಕೊಂಡು, ಸರ್ ಎದುರಿನಲ್ಲೇ, ಗೈಡ್ ಸರಿಯೋ ಸರ್ ಸರಿಯೋ ಎಂದು ಮುಖ್ಯಸ್ಥರು ಮರಾಠಿಯಲ್ಲಿ ಕೇಳಿದರು: "ಗಾಯಿಡ್ ಬರೋಬರ್ ಕೀ ಸರ್?"

ಪ್ರಾಕ್ಟಿಕಲ್ ಅಂಕ ಆ ಮನುಷ್ಯನ ಕೈಯಲ್ಲಿತ್ತು. "ಗಾಯಿಡ್," ಎಂದೆ.

ಮುಖ್ಯಸ್ಥರು ಖುಷಿಯಿಂದ ವಾಶ್ ಬೇಸಿನ್ನಿಗೆ ಕೆಂಪಗೆ ಉಗುಳಿದರು. ಉತ್ತರಪತ್ರಿಕೆ ತಿದ್ದುವ ಕೆಲಸವನ್ನು ಅಂದೇ ಸರ್ ಕೈಯಿಂದ ಕಿತ್ತುಕೊಂಡರು. ಆ ಉಗುಳಿಗಿಂತ ನನ್ನ ನಾಲಿಗೆಯೇ ನನಗೆ ಹೆಚ್ಚು ಹೇಸಿಗೆಯೆನಿಸಿತು.

ಹೊರಗೆ ಸರ್ ಬೈಯಲಿಲ್ಲ. "ನಿನಗ ಗೊತ್ತಿತ್ತಲ್ಲವ್ವ," ಎಂದಷ್ಟೇ ಹೇಳಿ ತರಗತಿಗೆ ಹೋದರು. ಅಂದಿನಿಂದ ನನ್ನೊಡನೆ ಮರಾಠಿಯಲ್ಲೇ ಮಾತಾಡಿದರು.

ಈಗ ನಾಸಿಕ್‌ನ ಕಾಲೇಜೊಂದರಲ್ಲಿ ನಾನೂ ಅದೇ ಪಾಠ ಮಾಡುತ್ತೇನೆ. ಸರ್ ತೀರಿಕೊಂಡರೆಂದು ಹಳೆಯ ಗೆಳತಿ ಫೋನ್ ಮಾಡಿದಾಗ ಪೇಪರ್ ತಿದ್ದುತ್ತಿದ್ದೆ. ಗೈಡಿನಿಂದ ಎತ್ತಿದ ಮಾದರಿ ಉತ್ತರದಲ್ಲಿ ಅದೇ ಅಪೊಸಮ್. ಒಬ್ಬ ಹುಡುಗಿ ಮಾತ್ರ ಗಿಣ್ಣಿನ ಎಲುಬು ಬರೆದು, ಆಸ್ಟ್ರೇಲಿಯಾ ಎಂದಿದ್ದಳು. ಅವಳ ಉತ್ತರವನ್ನು ಆಗಷ್ಟೇ ಹೊಡೆದುಹಾಕಿದ್ದೆ. ಥೂ, ನನ್ನ ಜನ್ಮಕ್ಕೆ ಎನಿಸಿತು.

ಪೇಪರ್ ಹಿಡಿದು ನಮ್ಮ ಮುಖ್ಯಸ್ಥೆಯ ಕೋಣೆಗೆ ಹೋದೆ. "ಗಾಯಿಡ್ ಚುಕೀಚಂ ಆಹೇ, ಮ್ಯಾಡಮ್," ಎಂದೆ. ಗೈಡ್ ತಪ್ಪು ಎಂದು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಷ್ಟೊತ್ತಿಗೆ ಸರ್ ಅವರನ್ನು ಬೀದರ್‌ನಲ್ಲಿ ಮಣ್ಣು ಮಾಡಿಯಾಗಿತ್ತು.