ಕೈಗಡ ಕೊಡಲಾಗದ ಮಾತ್ರೆ

ಅಜ್ಜಂಪುರದಲ್ಲಿ ಮೊದಲ ಬೆಳಿಗ್ಗೆ ಕಣ್ಣು ಬಿಟ್ಟರೆ, ಮಂಚದ ಪಕ್ಕದಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಕೂತು ನನ್ನನ್ನೇ ನೋಡುತ್ತಿದ್ದಳು.

“ಬೊಂಬಾಯಿ ಅಕ್ಕ ನೀವೇ ಅಲ್ವಾ? ಏನ್ ನಿದ್ದೆ ಕಣ್ರೀ ನಿಮ್ದು!”

ಪಕ್ಕದ ಮನೆ ಗೌರಮ್ಮ. ಹೆಪ್ಪಿಗೆ ಮೊಸರು ಕೇಳಲು ಬಂದವಳು ನನ್ನನ್ನೂ ನೋಡಿಹೋಗಲು ಕೋಣೆಗೇ ಬಂದಿದ್ದಳು. ಮುಂಬೈಯ ಗೆಳತಿಯರೇ, ಊಹಿಸಿಕೊಳ್ಳಿ! ಅಲ್ಲಿ ಬೆಲ್ ಆದರೆ ಮೊದಲು ಪೀಪ್‌ಹೋಲ್, ಆಮೇಲೆ ಸೇಫ್ಟಿ ಚೈನ್. ಇಲ್ಲಿ ತಂಗಿ ಸರಳಳ ಮನೆ ಬಾಗಿಲು ಬೆಳಿಗ್ಗೆ ತೆರೆದರೆ ಹಾಕುವುದು ಮಲಗುವಾಗಲೇ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ‘ಮೇ ಐ ಕಮ್ ಇನ್’ ಇಲ್ಲಿ ಯಾರಿಗೂ ಬೇಡ.

ಯಜಮಾನರು ಹೋದಮೇಲೆ ನಿದ್ದೆ ಹಾರಿ, ಸುಮ್ಮಸುಮ್ಮನೆ ಎದೆ ನಡುಗುತ್ತಿದ್ದಾಗ ಮುಂಬೈಯ ಸೈಕಿಯಾಟ್ರಿಸ್ಟ್ ಡಿಪ್ರೆಶನ್ ಎಂದು ಮಾತ್ರೆ ಬರೆದಿದ್ದರು. ಅವು ಡೈನಿಂಗ್ ಟೇಬಲ್ ಮೇಲೇ ಬಿದ್ದಿರುತ್ತಿದ್ದವು; ಕೇಳುವವರೇ ಇರಲಿಲ್ಲ. ಇಲ್ಲಿಗೆ ಬಂದ ದಿನವೇ ಸರಳ ಪಿಸುಗುಟ್ಟಿದಳು: “ಅಕ್ಕಾ, ಯಾರಾದ್ರೂ ಕೇಳಿದ್ರೆ ಬಿಪಿ ಮಾತ್ರೆ ಅನ್ನು ಕಣೇ. ನಮ್ಮ ರಶ್ಮಿಗೆ ತರೀಕೆರೇಲಿ ಗಂಡಿನ ಮಾತು ನಡೀತಿದೆ. ದೊಡ್ಡಮ್ಮಂಗೆ ತಲೆ ಸರಿಯಿಲ್ಲ ಅಂದ್ಬಿಟ್ರೆ?”

ಅವಳಿಗಿರುವುದು ಒಬ್ಬಳೇ ಮಗಳು. ಬಿಪಿ ಅಂತಲೇ ಅಂದೆ.

ಒಂದು ಮಧ್ಯಾಹ್ನ ಗೌರಮ್ಮ ಸೀದಾ ಅಡುಗೆಮನೆಗೆ ಬಂದು ನನ್ನ ಸ್ಟ್ರಿಪ್ ಕೈಗೆತ್ತಿಕೊಂಡಳು. “ನನ್ನ ಬಿಪಿ ಮಾತ್ರೆ ಮುಗ್ದೋಯ್ತು. ಒಂದ್ ತಗೋತೀನಿ ಅಕ್ಕಾ, ಸಂಜೆ ತರಿಸ್ಕೊಡ್ತೀನಿ.”

ಈ ಬೀದಿಯಲ್ಲಿ ಸಕ್ಕರೆ, ಕಾಫಿಪುಡಿಯ ಹಾಗೆ ಮಾತ್ರೆಯೂ ಕೈಗಡ ನಡೆಯುತ್ತದೆಂದು ನನಗೇನು ಗೊತ್ತು!

“ಅದರ ಪವರ್ ಬೇರೆ ಗೌರಮ್ಮ,” ಎಂದಳು ಸರಳ, ಗಾಬರಿಯಲ್ಲಿ.

“ಬಿಪಿ ಎಲ್ರಿಗೂ ಒಂದೇ ಬಿಡಿ. ಮೇಷ್ಟ್ರ ಮನೇದೂ ನುಂಗಿದೀನಿ, ಸತ್ನಾ?” ಮಾತ್ರೆ ಆಗಲೇ ಅಂಗೈಯಲ್ಲಿತ್ತು, ಇನ್ನೊಂದು ಕೈಯಲ್ಲಿ ನೀರಿನ ಲೋಟ.

ಅವಳ ಕೈ ಹಿಡಿದೆ. “ನುಂಗಬೇಡ. ಅದು ಬಿಪಿದಲ್ಲ. ಮನಸ್ಸಿನ ಕಾಯಿಲೆದು. ಕಾಯಿಲೆ ನಂದು.”

ಅವಳು ಮಾತ್ರೆ ಕಟ್ಟೆಯ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದಳು. ಸರಳ ನನ್ನ ಜೊತೆ ಮಾತು ಬಿಟ್ಟಳು. ಫೋನ್ ಸದ್ದಾದಾಗಲೆಲ್ಲ, ತರೀಕೆರೆಯವರೇ ಇರಬೇಕು ಎಂದು ಬಾಗಿಲ ಮರೆಯಲ್ಲಿ ನಿಂತು ಕಿವಿಗೊಡುತ್ತಿದ್ದೆ.

ಮತ್ತೆ ಬಂದಾಗ ಗೌರಮ್ಮ ಹೊಸಿಲು ದಾಟಲಿಲ್ಲ. “ನಮ್ಮ ಮಗಳು... ಬಾಣಂತನಕ್ಕೆ ಬಂದೋಳು ಕೂಸನ್ನೇ ಎತ್ಕೊಳ್ತಿಲ್ಲ ಅಕ್ಕಾ. ಗೋಡೆ ಕಡೆ ತಿರುಗಿ ಅಳ್ತಾಳೆ. ಅಂತರಘಟ್ಟಮ್ಮಂಗೂ ಹರಕೆ ಹೊತ್ತಿದ್ದಾಯ್ತು. ನಿಮ್ಮಂಥೋರ್ನ ನೋಡೋ ಡಾಕ್ಟ್ರು ಈ ಕಡೆ ಇದಾರಾ? ಬೈತಾರಾ?”

ಎಲ್ಲರ ಕೋಣೆಗೂ ನುಗ್ಗುವ ಗೌರಮ್ಮನ ಮನೆಯಲ್ಲಿ ಹೀಗೊಂದು ಕೋಣೆ ಇದೆಯೆಂದು ಬೀದಿಗೇ ತಿಳಿದಿರಲಿಲ್ಲ.

“ಶಿವಮೊಗ್ಗದಲ್ಲಿದ್ದಾರೆ. ಬೈಯಲ್ಲ. ನಾನೂ ಬರ್ತೀನಿ,” ಅಂದೆ.

ಹೊರಡುವಾಗ ಸರಳ ಬಾಯಿಬಿಟ್ಟಳು: “ತರೀಕೆರೆ ಸ್ಟ್ಯಾಂಡಲ್ಲಿ ಇಳೀಬೇಡ ಕಣೇ. ಹುಡುಗನ ಮನೆಯೋರ ಅಂಗಡಿ ಎದುರಿಗೇ ಇದೆ. ನೋಡಿದ್ರೆ ಎಲ್ಲಿಗೆ, ಯಾಕೆ ಅಂತ ಕೇಳ್ತಾರೆ.”

ಇಳಿಯಲಿಲ್ಲ. ಆದರೆ ಬಸ್ಸು ಅಂಗಡಿಯ ಎದುರಿಗೇ ನಿಂತಿತು. ರಶ್ಮಿಯನ್ನು ನೋಡಲು ಬಂದಾಗ ನನ್ನನ್ನೂ ಮಾತಾಡಿಸಿಹೋಗಿದ್ದ ಹುಡುಗನ ತಾಯಿ ಹೊರಗೆ ಬಂದು ಕಿಟಕಿಗಳತ್ತ ಕಣ್ಣು ಹಾಯಿಸುತ್ತಿದ್ದರು. ಯಾರೂ ನನ್ನ ಗುರುತು ಹಿಡಿಯದ ಮುಂಬೈ ಆ ಗಳಿಗೆ ಎಷ್ಟು ಬೇಕೆನಿಸಿತು! ಅಲ್ಲಿ ನಾನೂ ಯಾರಿಗೂ ಬೇಕಾಗಿರಲಿಲ್ಲ ಎನ್ನುವುದೂ ನೆನಪಾಯಿತು. ಸೆರಗು ಮುಖಕ್ಕೆ ಎಳೆದುಕೊಳ್ಳೋಣವೆಂದರೆ, ಗೌರಮ್ಮನ ಮಗಳು ನನ್ನ ತೋಳಿಗೆ ಒರಗಿ ನಿದ್ದೆಹೋಗಿದ್ದಳು. ಕೈ ಎತ್ತಿದರೆ ಎಚ್ಚರವಾಗಿಬಿಡುತ್ತಾಳೆ.

ಹಾಗೇ ಕೂತೆ, ಬಸ್ಸು ಬೇಗ ಹೊರಡಲಿ ದೇವರೇ ಎಂದುಕೊಳ್ಳುತ್ತಾ.