ಮೆಹರಬಾನು ಕೊಳ್ಳದ ಮೀಟರ್

ಮಸ್ಕಿ ಬಸ್ ನಿಲ್ದಾಣದ ಎದುರು ಇನ್ನೂ ಮಬ್ಬುಗತ್ತಲೆ. ಚಹಾದಂಗಡಿಯ ಒಲೆ ಬಿಟ್ಟರೆ ಬೆಳಕಿರುವುದು ಮೆಹರಬಾನು ಅವರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮಾತ್ರ. ಪಾಮನಕಲ್ಲೂರಿನಿಂದ ದಢೇಸುಗೂರಿನ ಗದ್ದೆಗಳಿಗೆ ಭತ್ತದ ನಾಟಿಗೆ ಹೊರಟ ಹೆಂಗಸರ ಗಾಡಿ ಇಲ್ಲಿ ಚಹಾಕ್ಕೆ ನಿಲ್ಲುತ್ತದೆ. ಅದು ಹೊರಡುವುದರೊಳಗೆ ಸತ್ತ ಫೋನುಗಳಿಗೆ ಜೀವ ಬರಬೇಕು. ಪೇಟೆಯ ಉಳಿದ ಅಂಗಡಿಗಳು ತೆರೆಯುವುದು ಬಿಸಿಲೇರಿದ ಮೇಲೆ, ಆಗ ಈ ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿರುತ್ತಾರೆ. ಅದಕ್ಕೇ ಮೆಹರಬಾನು ನಸುಕಿನಲ್ಲಿ ಶೆಟರ್ ಎತ್ತುತ್ತಾರೆ.

ಇವತ್ತು ಮೊದಲು ಬಂದವರು ಕಸ್ತೂರೆಮ್ಮ. "ಬಾನೂ, ರಾತ್ರಿಯೆಲ್ಲಾ ಚುಚ್ಚಿಟ್ಟೀನಿ, ಒಂದು ಕಡ್ಡಿನೂ ಏರಿಲ್ಲ. ಮಗಳಿಗೆ ದಿನ ತುಂಬ್ಯಾವ, ಯಾವಾಗ ಫೋನು ಬರತೈತೋ ಏನೋ. ಲಗೂನ ನೋಡವ್ವ."

ಮೆಹರಬಾನು ಹೆಬ್ಬೆರಳಿನಷ್ಟು ಉದ್ದದ ಒಂದು ಮೀಟರನ್ನು ಕೈಗೆತ್ತಿಕೊಳ್ಳುತ್ತಾರೆ. ಅದರ ಒಂದು ತುದಿ ಕಸ್ತೂರೆಮ್ಮ ತಂದ ಚಾರ್ಜರಿಗೆ, ಇನ್ನೊಂದು ತುದಿಗೆ ಅವರದೇ ವೈರು, ವೈರಿನ ಕೊನೆಗೆ ಫೋನು. ಪುಟ್ಟ ಪರದೆಯ ಮೇಲೆ ಎರಡು ಅಂಕಿಗಳು ಹೊಳೆಯುತ್ತವೆ. ವೋಲ್ಟ್ ಐದು, ಆಂಪಿಯರ್ ಸೊನ್ನೆ.

"ದೊಡ್ಡಮ್ಮ, ವೋಲ್ಟ್ ಅಂದ್ರ ಕಾಲುವ್ಯಾಗಿನ ನೀರಿನ ಮಟ್ಟ ಅನ್ಕೋ. ಆಂಪಿಯರ್ ಅಂದ್ರ ಗದ್ದಿಗೆ ಬಂದು ಬೀಳೋ ನೀರು. ನಿಂದು ಕಾಲುವಿ ತುಂಬೈತಿ, ಗದ್ದಿಗೆ ಹನಿ ನೀರಿಲ್ಲ."

ಅವರದೊಂದು ಪದ್ಧತಿಯಿದೆ. ಮೊದಲು ಚಾರ್ಜರನ್ನು ನೋಡಬೇಕು, ಆಮೇಲೆ ವೈರು, ಫೋನಿನ ಮೇಲೆ ಅನುಮಾನ ಎಲ್ಲಕ್ಕಿಂತ ಕಡೆಗೆ. ಅದೇ ವೈರಿಗೆ ತಮ್ಮ ಫೋನು ಸಿಕ್ಕಿಸುತ್ತಾರೆ. ಆಂಪಿಯರ್ ಒಂದೂವರೆಗೆ ಜಿಗಿಯುತ್ತದೆ. ಅಲ್ಲಿಗೆ ಚಾರ್ಜರ್, ವೈರು ಎರಡೂ ಪಾರಾದವು. ಈಗ ಟಾರ್ಚ್ ಹಿಡಿದು ಕಸ್ತೂರೆಮ್ಮನ ಫೋನಿನ ತೂತಿನೊಳಗೆ ಇಣುಕಿದರೆ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿದೆ.

"ಎಲಿ ಸಂಚ್ಯಾಗ ಸುಣ್ಣದ ಡಬ್ಬಿ ಜೋಡಿ ಫೋನೂ ಇಟ್ಟಿಯೇನು? ಅದಕ್ಕೂ ಎಲಿ-ಅಡಿಕಿ ತಿನ್ನಿಸಿಯಲ್ಲ, ದೊಡ್ಡಮ್ಮ!"

ಗಾಡಿಯ ಹೆಂಗಸರೆಲ್ಲ ಗೊಳ್ಳೆಂದು ನಗುತ್ತಾರೆ. ನಕ್ಕವರಲ್ಲೇ ಇಬ್ಬರು ಮೆಲ್ಲಗೆ ತಮ್ಮ ಸಂಚಿಯಿಂದ ಫೋನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮೆಹರಬಾನು ಫೋನು ಆಫ್ ಮಾಡಿ, ಚೂಪು ಮಾಡಿದ ಬಿದಿರು ಕಡ್ಡಿಯಿಂದ ಸುಣ್ಣ ಕೆರೆಯುತ್ತಾರೆ. ಮತ್ತೆ ಮೀಟರಿಗೆ ಹಾಕಿದಾಗ ಸೊನ್ನೆ ಹೋಗಿ ಅಂಕಿ ಏರತೊಡಗುತ್ತದೆ. ಕಸ್ತೂರೆಮ್ಮ ಪರದೆಯ ಮುಂದೆ ಕೈಮುಗಿದೇ ಬಿಡುತ್ತಾರೆ.

ಆದರೆ ಆ ಮೀಟರ್ ಮೆಹರಬಾನು ಅವರದಲ್ಲ, ಪಕ್ಕದಂಗಡಿಯ ಭೀಮೇಶನದು. ಸಂಜೆ ಬಾಗಿಲು ಹಾಕುವಾಗ ಅವನು ಇವರಿಗೆ ಕೊಟ್ಟು ಹೋಗುತ್ತಾನೆ, ಬೆಳಿಗ್ಗೆ ಬಂದಾಗ ಇವರು ಮರಳಿಸುತ್ತಾರೆ. "ಅಕ್ಕಾ, ಸಿಂಧನೂರಿನಾಗ ಬೇಕಾದಷ್ಟು ಸಿಗತಾವ. ನಾಳೆ ಹೊಂಟೀನಿ, ಒಂದು ತರ್ಲೇನು?" ಎಂದು ಅವನು ಕೇಳುತ್ತಲೇ ಇರುತ್ತಾನೆ. "ಬ್ಯಾಡಪ್ಪ" ಎಂಬ ಉತ್ತರ ಬದಲಾಗುವುದಿಲ್ಲ.

ಈ ಅಂಗಡಿ ಇಟ್ಟವರು ಗಂಡ ನಿಯಾಜ್. ಲಿಂಗಸುಗೂರಿನಿಂದ ಮದುವೆಯಾಗಿ ಬಂದ ಹೊಸದರಲ್ಲಿ ಮೆಹರಬಾನು ಊಟದ ಡಬ್ಬಿ ತರುತ್ತಿದ್ದರು. ಅವರು ಉಣ್ಣುವವರೆಗೆ ಕಾಯುತ್ತ ಕೂತು ಕೂತೇ ಕೆಲಸ ಕಲಿತರು. ಒಂದೇ ಮೇಜು, ಒಂದೇ ದೀಪ, ನಡುವೆ ನಿಯಾಜ್ ಲಿಂಗಸುಗೂರಿನಿಂದ ತಂದ ಮೀಟರ್. ಇಬ್ಬರಿಗೆ ಸಾಕಾಗುವಷ್ಟು ಕೆಲಸ ಬರದಾದಾಗ ನಿಯಾಜ್ ಭತ್ತ ಕೊಯ್ಯುವ ಯಂತ್ರ ಓಡಿಸಲು ಹೊರಟರು. ಎಲ್ಲಿ ಬೆಳೆ ಹಣ್ಣಾಗುತ್ತದೋ ಅಲ್ಲಿಗೆ ಯಂತ್ರ, ಯಂತ್ರದ ಬೆನ್ನಿಗೆ ಅವರು. ಈಗ ತಮಿಳುನಾಡಿನಲ್ಲಿದ್ದಾರೆ.

"ಅಂಗಡ್ಯಾಗ ಗಂಡಸರಿಲ್ಲೇನು ಅಂತ ಕೇಳಿ ಗಿರಾಕಿಗಳು ವಾಪಸ್ ಹೋಗತಿದ್ರು. ಅದನ್ನ ತಡಕೊಂಡೆ. ಸಂಜಿಕ ಇವರ ಫೋನು ಹತ್ತದಿದ್ರ ಮಾತ್ರ ತಡಿಯಾಕ ಆಗತಿರಲಿಲ್ಲ" ಎನ್ನುತ್ತಾರೆ ಮೆಹರಬಾನು. ಮರುದಿನ ಕೇಳಿದರೆ ನಿಯಾಜ್ ಅವರದು ಒಂದೇ ಮಾತು, ಚಾರ್ಜ್ ಇರಲಿಲ್ಲ. ಊರವರ ಫೋನನ್ನೆಲ್ಲ ಸರಿಮಾಡುವ ಹೆಂಡತಿಗೆ ಗಂಡನ ಫೋನೇ ಸಿಗದಿದ್ದರೆ ಜೀವಕ್ಕೆ ಹೇಗಾಗಬೇಡ!

ಹೋದ ಸಲ ನಿಯಾಜ್ ರಜೆಗೆ ಬಂದರು. ಅವರು ಸ್ನಾನಕ್ಕೆ ಹೋದಾಗ ಮೆಹರಬಾನು ಅವರ ಫೋನನ್ನು ಮೀಟರಿಗೆ ಹಾಕಿದರು. ಫೋನು ಗಟಗಟನೆ ಕುಡಿಯಿತು, ಅದಕ್ಕೇನೂ ಆಗಿರಲಿಲ್ಲ. "ಫೋನು ಚಲೋ ಐತಿ ಅಂದ್ರ ಮನಸ್ಸೇ ಬ್ಯಾರೆ ಆಗೇತಿ ಅನ್ಕೊಂಡೆ. ಅವರು ಬಡಿಸು ಅಂದ್ರ ತಾಟು ಮುಂದಿಟ್ಟು ಎದ್ದು ಹೋದೆ."

ಮರುದಿನ ನಸುಕಿನಲ್ಲಿ ಯಾರೋ ಗಿರಾಕಿ ಬಂದು, ಫೋನೇ ಕೆಟ್ಟಿದೆ, ಎಸೆದುಬಿಡುತ್ತೇನೆ ಎಂದು ಹಾರಾಡಿದ. ಮೊದಲು ಚಾರ್ಜರ್ ನೋಡೋಣ ತಡಿ ಎಂದು ಅವನಿಗೆ ಹೇಳುತ್ತಿರುವಾಗಲೇ ಮೆಹರಬಾನು ಅವರಿಗೆ ತಮ್ಮ ತಪ್ಪು ಹೊಳೆಯಿತು. ಊರಿಗೆಲ್ಲ ಹೇಳುವ ಪದ್ಧತಿಯನ್ನು ಮನೆಯಲ್ಲಿ ಮರೆತಿದ್ದರು. ಚಾರ್ಜರ್ ಬಿಟ್ಟು, ವೈರು ಬಿಟ್ಟು, ನೇರ ಮನುಷ್ಯನ ಮೇಲೆಯೇ ಅನುಮಾನಪಟ್ಟಿದ್ದರು. ಅವತ್ತೇ ನಿಯಾಜ್ ಹೊರಡುವವರಿದ್ದರು. ಅವರ ಬ್ಯಾಗಿನಲ್ಲಿ ಮೀಟರ್ ಇಟ್ಟು, "ಮಷೀನಿನ್ಯಾಗಿನ ಚಾರ್ಜರಿಗೆ ಹಚ್ಚಿ ಫೋಟೋ ಕಳಸ್ರಿ" ಎಂದರು.

ಫೋಟೋ ಬಂತು. ವೋಲ್ಟ್ ನಾಲ್ಕಕ್ಕಿಂತ ಕೆಳಗೆ, ಆಂಪಿಯರ್ ಹೆಸರಿಗಷ್ಟೇ. ಯಂತ್ರದ ಸಾಕೆಟ್ಟಿಗೆ ಹಾಕಿದ್ದ ಚಾರ್ಜರೇ ಕೆಟ್ಟಿತ್ತು, ಹಗಲೆಲ್ಲ ಹಚ್ಚಿಟ್ಟರೂ ಫೋನು ತುಂಬುತ್ತಿರಲಿಲ್ಲ. "ಆ ಫೋಟೋ ನೋಡಿ ಇಲ್ಲೇ ಕುಂತು ಅತ್ತೀನ್ರಿ. ಯಾಕ ಅಳಾಕತ್ತಿ ಅಂತ ಭೀಮೇಶ ಓಡಿ ಬಂದ. ಅನುಮಾನ ಮಾಡಿದ್ದು ಅವರಿಗೆ ಇನ್ನೂ ಹೇಳಿಲ್ಲ. ನೀವು ಇದನ್ನ ಬರೀರಿ, ಅವರೇ ಓದಿ ತಿಳ್ಕೊಳ್ಳಲಿ."

ಹೊಸ ಚಾರ್ಜರ್ ಕೊಂಡ ಮೇಲೆ ನಿಯಾಜ್ ದಿನಾ ಸಂಜೆ ಮಾತಾಡುತ್ತಾರೆ. ಅದರಿಂದ ನೆನಪು ಕಡಿಮೆಯಾಗಿಲ್ಲ, ಇನ್ನೂ ಹೆಚ್ಚಾಗಿದೆ. ಮೇಜಿನ ಆಚೆಗಿನ ನಿಯಾಜ್ ಅವರ ಕುರ್ಚಿಯಲ್ಲಿ ಗಿರಾಕಿಗಳು ಕೂತು ಎದ್ದು ಹೋದ ಮೇಲೆ ಮೆಹರಬಾನು ಅದನ್ನು ಒರೆಸಿಡುತ್ತಾರೆ. ರಂಜಾನಿಗೆ ಬರುವುದಾಗಿ ನಿಯಾಜ್ ಹೇಳಿದ್ದಾರೆ. ಅಲ್ಲಿ ಕೊಯ್ಲು ಮುಗಿಯಬೇಕಷ್ಟೇ.

ಬಿಸಿಲು ಬಂದಿದೆ, ಗಾಡಿ ಹೋಗಿದೆ. ಭೀಮೇಶ ಶೆಟರ್ ಎತ್ತುತ್ತ ಮತ್ತದೇ ಮಾತು ತೆಗೆಯುತ್ತಾನೆ. ಮೆಹರಬಾನು ಅವನ ಮೀಟರನ್ನು ಸೆರಗಿನಲ್ಲಿ ಒರೆಸಿ ಅವನ ಕೈಗಿಡುತ್ತಾರೆ.

"ನಂದು ಅವರ ಹತ್ರ ಐತಿ. ಅದಿಲ್ದ ನನಗ ಕೆಲಸ ನಡಿಯಂಗಿಲ್ಲ ಅಂತ ಅವರಿಗೂ ಗೊತ್ತೈತಿ, ತಂದು ಕೊಡಾಕ ಬಂದೇ ಬರತಾರ. ನಾ ಹೊಸದು ತಗೊಂಡ್ರ ಅವಸರ ಯಾಕ ಮಾಡ್ಯಾರು?"