ಐಸ್ ಹಾಕಿಯಲ್ಲಿ ನನ್ನ ಕಾಲ್ಗುಣ

ರಾಹುಕಾಲ ನೋಡಿ ಮನೆಯಿಂದ ಹೊರಡುವವರನ್ನು ನಾನು ಎಂದೂ ಸಹಿಸಿದವನಲ್ಲ. ಅಂಥ ನನ್ನ ಕಾಲ್ಗುಣವೇ ಸರಿಯಿಲ್ಲವೆಂದು ನ್ಯೂಜೆರ್ಸಿಯ ಐಸ್ ಹಾಕಿ ಸ್ಟೇಡಿಯಮ್ಮಿನಲ್ಲಿ ಒಬ್ಬ ಅಮೆರಿಕನ್ ಕಂಡುಹಿಡಿದ.

ಇಡೀ ಸೀಸನ್ ನನ್ನ ಪಕ್ಕದ ಸೀಟಿನಲ್ಲಿ ಕೂತವನು ಡೆನ್ನಿಸ್, ನಿವೃತ್ತ ಬಸ್ ಡ್ರೈವರ್. ಅಂದು ಕೊನೆಯ ಲೀಗ್ ಪಂದ್ಯ. ಗೆದ್ದರೆ ನಮ್ಮ ತಂಡಕ್ಕೆ ಪ್ಲೇಆಫ್, ಸೋತರೆ ಮನೆ. ಎದುರಾಳಿಗಳು ಒಂದು ಗೋಲು ಮುಂದಿದ್ದರು.

“ತಪ್ಪು ತಿಳೀಬೇಡಿ,” ಎಂದ ಡೆನ್ನಿಸ್. “ನೀವು ಕೂತಿರೋವಾಗ ನಮ್ಮವರು ಗೋಲು ಹೊಡೆಯೋದೇ ಇಲ್ಲ. ನೀವು ಕಾಫಿಗೆ ಎದ್ದಾಗಲೇ ಹೊಡೀತಾರೆ.”

“ಅದು ಕಾಕತಾಳೀಯ.”

“ಇರಬಹುದು. ಕಾಫಿ ನಾನೇ ಕೊಡಿಸ್ತೀನಿ, ಹೋಗಿ ಬನ್ನಿ.”

“ಲಂಚ ನಾನು ಮುಟ್ಟುವುದಿಲ್ಲ,” ಎಂದೆ.

ಅವನು ತಲೆ ತಗ್ಗಿಸಿ, ತಂಡದ ಹಳೇ ಟೋಪಿಯನ್ನು ಹಿಂಡುತ್ತಾ ಕೂತ. ಅದನ್ನು ನೋಡಲಾಗದೆ ಎದ್ದೆ. ಕಾಫಿಗೆ ನನ್ನದೇ ದುಡ್ಡು ಕೊಟ್ಟೆ. ಅಷ್ಟರಲ್ಲಿ ಒಳಗಿನಿಂದ ದೊಡ್ಡ ಕೂಗು: ಸ್ಕೋರು ಸಮ.

ವಾಪಸು ಬಂದರೆ ಬಾಗಿಲು ಕಾಯುತ್ತಿದ್ದ ಹೆಂಗಸು ಕೈ ಅಡ್ಡ ಹಿಡಿದಳು. ಆಟ ನಡೆಯುವಾಗ ಯಾರೂ ಒಳಗೆ ಹೋಗುವಂತಿಲ್ಲ, ನಿಯಮ. ನಿಯಮವೆಂದ ಮೇಲೆ ನಿಂತೆ. ನಮ್ಮವರದು ಇನ್ನೊಂದು ಗೋಲು ಬಿತ್ತು.

“ಆಟ ನಿಂತಿದೆ, ಈಗ ಹೋಗಿ ಸರ್,” ಎಂದಳು.

ದೂರದಲ್ಲಿ ಡೆನ್ನಿಸ್ ಎರಡೂ ಕೈಯಲ್ಲಿ ಬೇಡ ಬೇಡ ಎನ್ನುತ್ತಿದ್ದ.

“ಕಾಫಿ ಮುಗಿಯಲಿ,” ಎಂದು ಖಾಲಿ ಕಪ್ ಹಿಡಿದು ಪಂದ್ಯ ಮುಗಿಯುವವರೆಗೂ ಅಲ್ಲೇ ನಿಂತೆ. ನಮ್ಮವರು ಗೆದ್ದರು.

ಅದು ಕಾಕತಾಳೀಯ ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ. ಪ್ಲೇಆಫ್ ಪಂದ್ಯಗಳಿಗೆ ಮಾತ್ರ ಟಿಕೆಟ್ ಕೊಳ್ಳಲಿಲ್ಲ.